ಹೊಸಬರ ಹೆಗಲಿಗೆ ಎರಡು ಹೊರೆ: ಕಲಿಕೆಯ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ

ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 16ರಂದು. ನೌಕರಿ ಹುಡುಕಿಕೊಂಡು ಪುಣೆಗೆ ಹೋಗುವ ಉತ್ತರ ಕರ್ನಾಟಕದ ಯುವಕ, ಯುವತಿಯರಿಗೆ ಅದು ಖುಷಿಯ ಸುದ್ದಿ. ಆದರೆ ಅದೇ ವಾರ ಪುಣೆಗೆ ಸಂಬಂಧಿಸಿದ ಇನ್ನೊಂದು ಸುದ್ದಿ, ಮಕ್ಕಳನ್ನು ಆ ಊರಿಗೆ ಕಳಿಸಿದ್ದ ಮನೆಗಳಲ್ಲಿ ತಳಮಳ ಹುಟ್ಟಿಸಿತು. ಮೊದಲ ನೌಕರಿಗೆ ಸೇರಿ ನಾಲ್ಕೇ ತಿಂಗಳಿಗೆ ಮೃತಪಟ್ಟ ಮಗಳ ಬಗ್ಗೆ ಕೇರಳದ ತಾಯಿಯೊಬ್ಬರು ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತ್ತು.

ಅಲ್ಲಿಂದ ಶುರುವಾದ ಚರ್ಚೆ ಬಹುಮಟ್ಟಿಗೆ 'ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು' ಎಂಬ ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ. 70 ಗಂಟೆಯೋ, 90 ಗಂಟೆಯೋ ಎಂಬ ವಾದದ ನಡುವೆ ಒಂದು ಮುಖ್ಯ ಸಂಗತಿ ಮರೆಯಾಗಿದೆ. ಹತ್ತು ವರ್ಷ ಅನುಭವ ಇರುವವರ ಹತ್ತು ಗಂಟೆ ಮತ್ತು ನಿನ್ನೆ ಸೇರಿದವರ ಹತ್ತು ಗಂಟೆ ಒಂದೇ ಅಲ್ಲ. ಹೊಸಬರು ಕೆಲಸವನ್ನೂ ಮಾಡಬೇಕು, ಆ ಕೆಲಸವನ್ನು ಕಲಿಯಲೂ ಬೇಕು. ಮೊದಲನೆಯದಕ್ಕೆ ಕಚೇರಿಯಲ್ಲಿ ಲೆಕ್ಕವಿದೆ. ಎರಡನೆಯದಕ್ಕೆ ಇಲ್ಲ.

ಏನಿದು ಪ್ರಕರಣ?

ಕೊಚ್ಚಿಯ 26 ವರ್ಷದ ಅನ್ನಾ ಸೆಬಾಸ್ಟಿಯನ್ ಪೆರಯಿಲ್ 2023ರ ನವೆಂಬರ್‌ನಲ್ಲಿ ಸಿಎ ಪರೀಕ್ಷೆ ಪಾಸಾದರು. 2024ರ ಮಾರ್ಚ್‌ನಲ್ಲಿ ಇವೈ ಸಮೂಹದ ಸದಸ್ಯ ಸಂಸ್ಥೆ ಎಸ್‌.ಆರ್‌. ಬಾಟ್ಲಿಬಾಯ್‌ನ ಪುಣೆ ಕಚೇರಿಯಲ್ಲಿ ಲೆಕ್ಕಪರಿಶೋಧನಾ ತಂಡ ಸೇರಿದರು. ಜುಲೈ 20ರಂದು ಕೊನೆಯುಸಿರೆಳೆದರು.

ರಾತ್ರಿ ಒಪ್ಪಿಸಿದ ಕೆಲಸವನ್ನು ಬೆಳಗಾಗುವಷ್ಟರಲ್ಲಿ ಮುಗಿಸಬೇಕಿತ್ತು, ವಾರಾಂತ್ಯಗಳಲ್ಲೂ ಬಿಡುವಿರಲಿಲ್ಲ, ಅಧಿಕೃತ ಕೆಲಸದ ಜತೆಗೆ ಬಾಯಿಮಾತಿನಲ್ಲಿ ಹೇಳಿದ ಕೆಲಸಗಳೂ ಸೇರಿಕೊಳ್ಳುತ್ತಿದ್ದವು ಎಂದು ತಾಯಿ ಪತ್ರದಲ್ಲಿ ಆರೋಪಿಸಿದ್ದರು. ಹೊಸದಾಗಿ ವೃತ್ತಿಗೆ ಕಾಲಿಟ್ಟ ಮಗಳಿಗೆ 'ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಆಗದು' ಎಂದು ಹೇಳುವ ಅನುಭವವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ ಎಂಬುದು ಆ ಪತ್ರದ ಮುಖ್ಯ ಮಾತು.

ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ಉಳಿದ ನೌಕರರಿಗೆ ಕೊಡುವಂಥ ಕೆಲಸವನ್ನೇ ಅವರಿಗೂ ಕೊಡಲಾಗಿತ್ತು, ಕೆಲಸದ ಒತ್ತಡದಿಂದ ಸಾವು ಸಂಭವಿಸಿದೆ ಎಂದು ನಂಬುವುದಿಲ್ಲ ಎಂದು ಇವೈ ಇಂಡಿಯಾ ಅಧ್ಯಕ್ಷ ರಾಜೀವ್ ಮೇಮನಿ ಪ್ರತಿಕ್ರಿಯಿಸಿದ್ದರು. ಅಂತ್ಯಕ್ರಿಯೆಗೆ ಸಂಸ್ಥೆಯಿಂದ ಯಾರೂ ಹೋಗದಿದ್ದುದಕ್ಕೆ ವಿಷಾದವನ್ನೂ ವ್ಯಕ್ತಪಡಿಸಿದ್ದರು.

ಪತ್ರ ಬಹಿರಂಗವಾದ ಬೆನ್ನಿಗೇ ಕೇಂದ್ರ ಕಾರ್ಮಿಕ ಖಾತೆ ರಾಜ್ಯ ಸಚಿವೆ ಶೋಭಾ ಕರಂದ್ಲಾಜೆ ತನಿಖೆಯ ಭರವಸೆ ನೀಡಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು ಸಚಿವಾಲಯದಿಂದ ವರದಿ ಕೇಳಿತು. ಪುಣೆ ಕಚೇರಿಗೆ ಭೇಟಿ ಕೊಟ್ಟ ಮಹಾರಾಷ್ಟ್ರ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ಇನ್ನೊಂದು ಅಚ್ಚರಿ ಕಾದಿತ್ತು. 2007ರಿಂದ ನಡೆಯುತ್ತಿದ್ದ ಆ ಕಚೇರಿ, ಕೆಲಸದ ಅವಧಿಗೆ ಮಿತಿ ಹಾಕುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯನ್ನೇ ಮಾಡಿಸಿರಲಿಲ್ಲ. ನೋಂದಣಿಗೆ ಅರ್ಜಿ ಹಾಕಿದ್ದು 2024ರ ಫೆಬ್ರುವರಿಯಲ್ಲಿ, ಅದೂ ತಿರಸ್ಕೃತವಾಗಿತ್ತು.

ಒತ್ತಡ ತಾಳಿಕೊಳ್ಳುವುದು ಯಾರ ಹೊಣೆ?

ಇದೇ ಹೊತ್ತಿಗೆ ಚೆನ್ನೈನ ಕಾರ್ಯಕ್ರಮವೊಂದರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಒತ್ತಡ ಎದುರಿಸುವ ಆತ್ಮಬಲವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕು ಎಂಬ ಅರ್ಥದ ಮಾತಾಡಿದ್ದು ವಿವಾದವಾಯಿತು. ಟೀಕೆಗಳು ಬಂದಾಗ, ತಾವು ಮೃತರನ್ನು ದೂಷಿಸಿಲ್ಲ, ವಿದ್ಯಾರ್ಥಿಗಳಿಗೆ ಸಂಸ್ಥೆಗಳು ಹೇಗೆ ಬೆಂಬಲವಾಗಿ ನಿಲ್ಲಬೇಕು ಎಂಬುದನ್ನು ಹೇಳಿದ್ದಾಗಿ ಅವರು ಸ್ಪಷ್ಟನೆ ಕೊಟ್ಟರು.

ವಿವಾದ ತಣ್ಣಗಾದರೂ ಪ್ರಶ್ನೆ ಉಳಿದಿದೆ. ಹೊಸ ಕೆಲಸ ಎಂದಮೇಲೆ ಒಂದಿಷ್ಟು ಆತಂಕ ಇದ್ದದ್ದೇ. 'ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ' ಎಂದು ಹೊಸಬರ ಹುರುಪನ್ನು ನೋಡಿ ನಗುವುದು ರೂಢಿ. ಆದರೆ ಇಂದಿನ ಕಚೇರಿಗಳಲ್ಲಿ ಹುರುಪಿನಂತೆ ಕಾಣುವುದರ ಹಿಂದೆ ಹಲವು ಸಲ ಭಯ ಇರುತ್ತದೆ. 'ಗೊತ್ತಿಲ್ಲ' ಎಂದರೆ ದಡ್ಡರೆಂದುಕೊಳ್ಳುತ್ತಾರೆ, 'ಆಗಲ್ಲ' ಎಂದರೆ ಪ್ರೊಬೇಷನ್ ಮುಗಿಯುವ ಮೊದಲೇ ಹೆಸರು ಕೆಡುತ್ತದೆ ಎಂಬ ಭಯ.

ಒತ್ತಡ ಎಷ್ಟಿದ್ದರೆ ಒಳ್ಳೆಯದು ಎಂಬುದಕ್ಕೆ ಮನೋವಿಜ್ಞಾನದಲ್ಲಿ ಹಳೆಯ ಉತ್ತರವಿದೆ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸುಲಭದ ಪಾಠ ಕಲಿಯುವಾಗ ಒತ್ತಡ ಹೆಚ್ಚಿದಷ್ಟೂ ಕಲಿಕೆ ಚುರುಕಾಯಿತು. ಕಷ್ಟದ ಪಾಠದಲ್ಲಿ ಮಾತ್ರ ಒತ್ತಡ ಒಂದು ಮಿತಿ ದಾಟಿದ ಕೂಡಲೇ ಕಲಿಕೆ ಕುಂಠಿತವಾಯಿತು. ಮನುಷ್ಯರ ವಿಷಯದಲ್ಲೂ ಈ ಮಾತನ್ನು ಆಗಾಗ ಉದಾಹರಿಸಲಾಗುತ್ತದೆ. ಕೈ ಪಳಗಿದವರನ್ನು ಗಡುವು ಚುರುಕುಗೊಳಿಸಬಹುದು. ಅದೇ ಗಡುವು, ಪ್ರತಿ ಹೆಜ್ಜೆಯೂ ಹೊಸತಾಗಿರುವವರನ್ನು ಕಂಗೆಡಿಸುತ್ತದೆ.

ಕಾರಣವೂ ಸರಳ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಕೆಲವೇ ಕೆಲವು. ಅನುಭವಿಗೆ ಒಂದು ಎಕ್ಸೆಲ್ ಹಾಳೆ ಎಂದರೆ ಒಂದೇ ಕೆಲಸ. ಹೊಸಬರಿಗೆ ಅದೇ ಹಾಳೆಯಲ್ಲಿ ಗ್ರಾಹಕರ ಹೆಸರು, ಸಾಫ್ಟ್‌ವೇರ್, ಕಡತ ಇಡುವ ಜಾಗ, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂಬ ಹತ್ತು ಕೆಲಸಗಳು ಸೇರಿರುತ್ತವೆ. ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹೀಗಾಗಿ ರಾತ್ರಿಯಿಡೀ ದುಡಿದವರು ಕೆಲಸ ಮುಗಿಸಬಹುದು, ಕಲಿಯುವುದು ಕಷ್ಟ. ಮರುದಿನ ಅದೇ ಕೆಲಸ ಅಷ್ಟೇ ಹೊತ್ತು ಹಿಡಿಯುತ್ತದೆ, ಹೊರೆ ಇಳಿಯುವುದೇ ಇಲ್ಲ.

ಟೈಮ್‌ಶೀಟ್ ಹೇಳದ ಸತ್ಯ

ಲೆಕ್ಕಪರಿಶೋಧನೆ, ಐಟಿ, ಕನ್ಸಲ್ಟಿಂಗ್ ಕಚೇರಿಗಳಲ್ಲಿ ನೌಕರರು ಸಾಮಾನ್ಯವಾಗಿ ಟೈಮ್‌ಶೀಟ್ ತುಂಬಬೇಕು. ಯಾವ ಗ್ರಾಹಕರ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಎಂಬ ಲೆಕ್ಕ ಅದು. ಪ್ರತಿ ಕೆಲಸಕ್ಕೂ ಮೊದಲೇ ಇಂತಿಷ್ಟು ಗಂಟೆ ಎಂಬ ಬಜೆಟ್ ಇರುತ್ತದೆ. ಅನುಭವಿ ನಾಲ್ಕು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಹೊಸಬರಿಗೆ ಒಂಬತ್ತು ಗಂಟೆ ಹಿಡಿಯಿತು ಎಂದುಕೊಳ್ಳಿ. ಒಂಬತ್ತು ಎಂದು ಬರೆದರೆ 'ಯಾಕೆ ಇಷ್ಟು ಹೊತ್ತು' ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಹಲವರು ನಾಲ್ಕು ಎಂದೇ ಬರೆಯುತ್ತಾರೆ. ಉಳಿದ ಐದು ಗಂಟೆ ಎಲ್ಲಿಯೂ ದಾಖಲಾಗುವುದಿಲ್ಲ.

ದುಡಿದ ಗಂಟೆಗಳನ್ನು ಹೀಗೆ ಕಡಿಮೆ ತೋರಿಸುವುದು ಲೆಕ್ಕಪರಿಶೋಧನಾ ವೃತ್ತಿಯಲ್ಲಿ ಹಳೆಯ ಪಿಡುಗು, ದಶಕಗಳಿಂದ ಸಂಶೋಧಕರು ಇದರ ಬಗ್ಗೆ ಬರೆಯುತ್ತಲೇ ಇದ್ದಾರೆ. ಇದರ ಪರಿಣಾಮ ಒಬ್ಬರಿಗೇ ನಿಲ್ಲುವುದಿಲ್ಲ. ಮುಂದಿನ ವರ್ಷದ ಬಜೆಟ್ ಸಿದ್ಧವಾಗುವಾಗ ಹಿಂದಿನ ವರ್ಷದ ಟೈಮ್‌ಶೀಟ್ ಆಧಾರವಾಗುತ್ತದೆ. 'ಕಳೆದ ಬಾರಿ ನಾಲ್ಕೇ ಗಂಟೆ ಹಿಡಿದಿತ್ತಲ್ಲ' ಎಂದು ಮುಂದೆ ಬರುವ ಹೊಸಬರಿಗೂ ಅದೇ ನಾಲ್ಕು ಗಂಟೆ ನಿಗದಿಯಾಗುತ್ತದೆ. ಭಯದಿಂದ ಒಬ್ಬರು ಬರೆದ ಸುಳ್ಳು ಲೆಕ್ಕ ಮುಂದೆ ಬರುವವರ ಪಾಲಿಗೆ ನಿಯಮವಾಗಿ ಕೂರುತ್ತದೆ.

ಮ್ಯಾನೇಜರ್‌ಗಳು ಕೆಟ್ಟವರು ಎಂದು ಹೇಳಿ ಮುಗಿಸುವಷ್ಟು ಸುಲಭದ ಸಮಸ್ಯೆ ಇದಲ್ಲ. ಅವರ ಮುಂದಿರುವ ಕಂಪ್ಯೂಟರ್‌ನಲ್ಲಿ ಹೊಸಬರ ನಾಲ್ಕು ಗಂಟೆ ಮಾತ್ರ ಕಾಣುತ್ತದೆ. ಕಾಣದ ಹೊರೆಯನ್ನು ಇಳಿಸಲು ಯಾರಿಂದಲೂ ಆಗದು.

ಐಟಿಯಲ್ಲಿ ಕಲಿಕೆಗೇ ಗಡುವು

ಐಟಿ ವಲಯದಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಬಿಡುವಿಗೆ ಅಲ್ಲಿ 'ಬೆಂಚ್' ಎನ್ನುತ್ತಾರೆ. ಹೊಸ ತಂತ್ರಜ್ಞಾನ ಕಲಿಯಲು ಸಿಗುತ್ತಿದ್ದ ಸಮಯ ಅದು. ಪುಣೆಯಲ್ಲಿ ದೊಡ್ಡ ಕೇಂದ್ರಗಳನ್ನು ಹೊಂದಿರುವ ಟಿಸಿಎಸ್ 2025ರ ಜೂನ್‌ನಲ್ಲಿ ಹೊಸ ನೀತಿ ತಂದಿತು. ವರ್ಷಕ್ಕೆ ಕನಿಷ್ಠ 225 ದಿನ ಗ್ರಾಹಕರಿಗೆ ಬಿಲ್ ಮಾಡಬಹುದಾದ ಕೆಲಸದಲ್ಲಿರಬೇಕು, ಬೆಂಚ್ ಅವಧಿ 35 ದಿನ ಮೀರುವಂತಿಲ್ಲ, ಬೆಂಚ್‌ನಲ್ಲಿರುವಾಗ ನಿತ್ಯ 4ರಿಂದ 6 ಗಂಟೆ ಕಲಿಕೆಗೆ ಮೀಸಲಿಡಬೇಕು ಎಂಬುದು ಅದರ ಸಾರ. ಮರುತಿಂಗಳೇ ಕಂಪನಿಯು ಜಾಗತಿಕ ಮಟ್ಟದಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಉದ್ಯೋಗಗಳ ಕಡಿತ ಪ್ರಕಟಿಸಿತು. ಕೌಶಲದ ಹೊಂದಾಣಿಕೆ ಆಗದಿರುವುದನ್ನು ಅದು ಕಾರಣವಾಗಿ ಕೊಟ್ಟಿತು.

ಕಲಿಕೆಗೆ ಗಂಟೆ ನಿಗದಿ ಮಾಡಿದ್ದು ಸರಿಯಾದ ಹೆಜ್ಜೆಯೇ. ಆದರೆ ದಿನ ಎಣಿಸುತ್ತಾ ಕಲಿಯುವವರ ತಲೆಯಲ್ಲಿ ಪಾಠಕ್ಕಿಂತ ಕ್ಯಾಲೆಂಡರ್ ದೊಡ್ಡದಾಗಿ ಕಾಣುತ್ತದೆ.

ಮೈಸೂರಿನಲ್ಲೂ ಇದೇ ಕಥೆ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಹೊರಕಳಿಸಲಾಯಿತು. ಇವರಲ್ಲಿ ಹಲವರು ಆಫರ್ ಪತ್ರ ಕೈಯಲ್ಲಿ ಹಿಡಿದು ಎರಡು ವರ್ಷ ಕಾದವರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಈ ನಿಯಮ ಒಪ್ಪಂದದಲ್ಲೇ ಇದೆ, ಎರಡು ದಶಕಗಳಿಂದ ಜಾರಿಯಲ್ಲಿದೆ ಎಂಬುದು ಕಂಪನಿಯ ವಿವರಣೆ. ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿದ್ದು ಪುಣೆ ಮೂಲದ ಐಟಿ ನೌಕರರ ಸಂಘಟನೆ ನೈಟ್ಸ್. ಸಚಿವಾಲಯದ ಸೂಚನೆಯಂತೆ ಕರ್ನಾಟಕ ಕಾರ್ಮಿಕ ಇಲಾಖೆ ವಿಚಾರಣೆ ನಡೆಸಿತು. ಇವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಹಾಗಾಗಿ ಕಾನೂನು ಉಲ್ಲಂಘನೆ ಕಂಡುಬಂದಿಲ್ಲ ಎಂಬ ನಿಲುವಿಗೆ ಇಲಾಖೆ ಬಂದಿದೆ ಎಂದು ವರದಿಯಾಗಿತ್ತು.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊಸಬರ ಸ್ಥಿತಿ ಅರ್ಥವಾಗುತ್ತದೆ. ಹೊರೆ ಹಂಚುವಾಗ ಅವರು ಎಲ್ಲರಂತೆ ನೌಕರರು. ರಕ್ಷಣೆ ಕೇಳುವಾಗ ಮಾತ್ರ ಇನ್ನೂ ಕಲಿಯುತ್ತಿರುವವರು.

ಕಾನೂನು ಏನು ಹೇಳುತ್ತದೆ?

ವಿಚಿತ್ರವೆಂದರೆ, ಕಲಿಯುವವರನ್ನು ಹೆಚ್ಚುವರಿ ದುಡಿಮೆಯಿಂದ ಕಾಪಾಡಬೇಕೆಂಬ ವಿವೇಕ ದೇಶದ ಕಾನೂನಿಗೆ ಆರು ದಶಕಗಳ ಹಿಂದೆಯೇ ಇತ್ತು. 1961ರ ಅಪ್ರೆಂಟಿಸ್ ಕಾಯ್ದೆಯ 15ನೇ ಕಲಂ ಪ್ರಕಾರ, ಅಪ್ರೆಂಟಿಸ್ ಸಲಹೆಗಾರ ಅಧಿಕಾರಿಯ ಅನುಮತಿ ಇಲ್ಲದೆ ಅಪ್ರೆಂಟಿಸ್‌ಗಳಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ಆ ದುಡಿಮೆಯಿಂದ ತರಬೇತಿಗೆ ಪ್ರಯೋಜನ ಇದೆ ಅಥವಾ ಸಾರ್ವಜನಿಕ ಹಿತ ಇದೆ ಎಂದು ಮನವರಿಕೆಯಾದರೆ ಮಾತ್ರ ಅಧಿಕಾರಿ ಅನುಮತಿ ಕೊಡಬೇಕು. ಪಿಂಪ್ರಿ–ಚಿಂಚವಾಡದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಳ್ಳುವ ಐಟಿಐ ಹುಡುಗನಿಗೆ ಇರುವ ಈ ರಕ್ಷಣೆ, ಕೆಲವೇ ಕಿಲೋಮೀಟರ್ ದೂರದ ಹಿಂಜವಾಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಮೊದಲ ನೌಕರಿ ಕಲಿಯುವ ಪದವೀಧರೆಗೆ ಇಲ್ಲ.

ಕಚೇರಿಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. ಮೀರಿದರೆ ದುಪ್ಪಟ್ಟು ವೇತನ ಕೊಡಬೇಕು. ಆದರೆ ವ್ಯವಸ್ಥಾಪಕ ಮತ್ತು ಮೇಲ್ವಿಚಾರಣಾ ಹುದ್ದೆಯಲ್ಲಿರುವವರಿಗೆ ಇದರಿಂದ ವಿನಾಯಿತಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲೂ 2024 ಮತ್ತು 2025ರಲ್ಲಿ ಕೆಲಸದ ಅವಧಿ ಹೆಚ್ಚಿಸುವ ಪ್ರಸ್ತಾವಗಳು ಬಂದು, ಐಟಿ ನೌಕರರ ಸಂಘದ ತೀವ್ರ ವಿರೋಧ ಎದುರಿಸಿದವು.

ದೀರ್ಘಾವಧಿ ದುಡಿಮೆಯ ಅಪಾಯವೇನೂ ಗುಟ್ಟಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ತಿಳಿಸಿದ್ದವು.

ಕಚೇರಿ ಸಮಯದ ನಂತರ ಬರುವ ಕರೆ, ಇಮೇಲ್‌ಗಳನ್ನು ನಿರಾಕರಿಸುವ ಹಕ್ಕು ಕೊಡುವ ಖಾಸಗಿ ಮಸೂದೆಯನ್ನು ಪುಣೆ ಜಿಲ್ಲೆಯ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮತ್ತೆ ಮಂಡಿಸಿದರು. ಖಾಸಗಿ ಮಸೂದೆಗಳು ಕಾನೂನಾಗುವುದು ತೀರಾ ಅಪರೂಪ. ಒಂದು ವೇಳೆ ಆದರೂ, ಫೋನ್ ಎತ್ತದಿರುವ ಹಕ್ಕನ್ನು ಸೇರಿ ಎರಡು ತಿಂಗಳಾದ ಹೊಸಬರು ಬಳಸುವರೇ ಎಂಬ ಅನುಮಾನ ಉಳಿಯುತ್ತದೆ.

ಕಚೇರಿಗಳು ಏನು ಮಾಡಬಹುದು?

ಮೊದಲ ಆರು ತಿಂಗಳಿಗೆ ಕಲಿಕೆಯ ಗಂಟೆಗಳಿಗೇ ಟೈಮ್‌ಶೀಟ್‌ನಲ್ಲಿ ಪ್ರತ್ಯೇಕ ಕೋಡ್ ಕೊಡುವುದು ಸುಲಭದ ಕ್ರಮ. ಆಗ ನಾಲ್ಕು ಗಂಟೆ ಕೆಲಸ, ಐದು ಗಂಟೆ ಕಲಿಕೆ ಎಂದು ನಿಜವನ್ನೇ ಬರೆಯಬಹುದು. ಬಜೆಟ್ ಹಾಕುವವರಿಗೂ ಹೊಸಬರ ತಂಡಕ್ಕೆ ನಿಜವಾಗಿ ಎಷ್ಟು ಸಮಯ ಬೇಕು ಎಂಬುದು ತಿಳಿಯುತ್ತದೆ.

ಎರಡನೆಯದು, ಕೆಲಸ ಒಪ್ಪಿಸುವವರು ಒಬ್ಬರೇ ಇರಬೇಕು. ಮೂವರು ಹಿರಿಯರು ಮೂರು ಕಡೆಯಿಂದ 'ಇದು ಅರ್ಜೆಂಟ್' ಎಂದಾಗ, ಯಾವುದು ಮೊದಲು ಎಂದು ನಿರ್ಧರಿಸುವ ಹೊಣೆ ಎಲ್ಲರಿಗಿಂತ ಕಡಿಮೆ ತಿಳಿದವರ ಮೇಲೆ ಬೀಳುತ್ತದೆ. ಕೆಲಸದ ಒತ್ತಾಯ ಹೆಚ್ಚಿದ್ದು, ಅದರ ಮೇಲೆ ಹಿಡಿತ ಕಡಿಮೆ ಇದ್ದಾಗ ಒತ್ತಡ ಅತಿಯಾಗುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲೇ ವಿವರಿಸಿದ್ದರು. ಹೊಸಬರಿಗೆ ಈ ಎರಡೂ ಒಟ್ಟಿಗೇ ಇರುತ್ತವೆ.

ಮೂರನೆಯದು, ಪ್ರಶ್ನೆ ಕೇಳಲು ಒಬ್ಬರು ಬೇಕು, ಅವರು ವಾರ್ಷಿಕ ಮೌಲ್ಯಮಾಪನ ಬರೆಯುವ ಮ್ಯಾನೇಜರ್ ಆಗಿರಬಾರದು. ಎರಡು ವರ್ಷ ಹಿರಿಯರಾದ ಸಹೋದ್ಯೋಗಿಯೇ ಸಾಕು. ಆದರೆ ಹಾಗೆ ಕಲಿಸಲು ಹಿಡಿಯುವ ಸಮಯವನ್ನೂ ಅವರ ಲೆಕ್ಕಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಅಷ್ಟೆ.

ಹೊಸಬರು ಗಮನಿಸಬೇಕಾದ್ದೇನು?

ವ್ಯವಸ್ಥೆ ಬದಲಾಗುವವರೆಗೂ ಕಾಯಲು ನಾಳೆ ಬೆಳಗ್ಗೆ ಕಚೇರಿಗೆ ಹೋಗಬೇಕಾದವರಿಗೆ ಆಗುವುದಿಲ್ಲ. ಅಂಥವರ ನೆರವಿಗೆ ಬರುವ ಕೆಲವು ರೂಢಿಗಳಿವೆ.

* ಬಾಯಿಮಾತಿನಲ್ಲಿ ಬಂದ ಪ್ರತಿ ಕೆಲಸವನ್ನೂ ಅದೇ ದಿನ ಒಂದು ಸಾಲಿನ ಇಮೇಲ್ ಅಥವಾ ಚಾಟ್ ಸಂದೇಶವಾಗಿ ಹೇಳಿದವರಿಗೇ ಕಳಿಸುವುದು. ಇದು ದೂರಲ್ಲ, ದಾಖಲೆ.

* 'ಆಗಲ್ಲ' ಎನ್ನಲು ಅಳುಕಿದ್ದರೆ, 'ಈ ಮೂರರಲ್ಲಿ ಯಾವುದು ಮೊದಲು ಬೇಕು?' ಎಂದು ಕೇಳುವುದು. ಆಯ್ಕೆಯ ಹೊಣೆ ಆಗ ಕೆಲಸ ಒಪ್ಪಿಸಿದವರಿಗೆ ಹೋಗುತ್ತದೆ.

* ಗೊತ್ತಿಲ್ಲದ್ದನ್ನು ಅರ್ಧ ಗಂಟೆ ಪ್ರಯತ್ನಿಸಿ, ಆಮೇಲೆ ಕೇಳುವುದು. ಮಧ್ಯರಾತ್ರಿಯವರೆಗೆ ಒಬ್ಬರೇ ಒದ್ದಾಡಿ ಬೆಳಗ್ಗೆ ತಪ್ಪು ಒಪ್ಪಿಸುವುದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು.

* ದಿನದ ಕೊನೆಗೆ ಕಲಿತ ಎರಡು ಮೂರು ಸಂಗತಿಗಳನ್ನು ಬರೆದಿಡುವುದು. ತಿಂಗಳು ಕಳೆದು ತಿರುವಿ ನೋಡಿದರೆ, 'ನನಗೆ ಏನೂ ಬರುವುದಿಲ್ಲ' ಎಂಬ ಭಾವನೆ ಎಷ್ಟು ಸುಳ್ಳು ಎಂಬುದು ಗೊತ್ತಾಗುತ್ತದೆ.

* ಟೈಮ್‌ಶೀಟ್‌ನಲ್ಲಿ ನಿಜವಾದ ಗಂಟೆಗಳನ್ನೇ ಬರೆಯುವುದು.

ಎದೆ ಬಿಗಿತ, ವಾರಗಟ್ಟಲೆ ನಿದ್ದೆಗೇಡು, ಊಟ ಸೇರದಿರುವುದು, ಬೆಳಗ್ಗೆ ಏಳಲು ಭಯವಾಗುವುದು ಇವೆಲ್ಲ 'ಹೊಸ ಕೆಲಸ, ಹೀಗೇ ಇರುತ್ತದೆ' ಎಂದು ತಳ್ಳಿಹಾಕುವ ಸಂಗತಿಗಳಲ್ಲ. ಎದೆಯ ತೊಂದರೆಗೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮನಸ್ಸಿನ ತಳಮಳಕ್ಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆ ಕನ್ನಡದಲ್ಲೂ ಸಿಗುತ್ತದೆ. ಪರಭಾಷೆಯ ಊರಿನಲ್ಲಿ ಒಂಟಿಯಾಗಿರುವವರಿಗೆ ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡುವುದೇ ಅರ್ಧ ಸಮಾಧಾನ.

ಮನೆಯವರ ಪಾತ್ರವೂ ಇದೆ. ಮಕ್ಕಳು ಫೋನ್‌ನಲ್ಲಿ 'ಬಹಳ ಕೆಲಸ' ಎಂದಾಗ, 'ಮೊದಮೊದಲು ಹಂಗೇ, ಹೊಂದಿಕೊಂಡು ಹೋಗು' ಎನ್ನುವುದು ಸಹಜ. ಕಷ್ಟಪಟ್ಟು ಓದಿಸಿದವರಿಗೆ ಸಿಕ್ಕ ನೌಕರಿ ಕೈತಪ್ಪಬಾರದು ಎಂಬ ಆತಂಕ ಅದರಲ್ಲಿರುತ್ತದೆ. ಅದರ ಜತೆಗೆ 'ನಿನ್ನೆ ಎಷ್ಟು ಹೊತ್ತಿಗೆ ಮಲಗಿದ್ದೆ? ಊಟ ಎಷ್ಟು ಗಂಟೆಗೆ ಮಾಡಿದೆ?' ಎಂದೂ ಕೇಳಿದರೆ ನಿಜಸ್ಥಿತಿ ಬೇಗ ತಿಳಿಯುತ್ತದೆ.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಮೊದಲ ಅರ್ಧವನ್ನು ಕಚೇರಿಗಳು ಚೆನ್ನಾಗಿಯೇ ಬಳಸಿಕೊಳ್ಳುತ್ತಿವೆ, ಮಾಡುತ್ತಾ ಮಾಡುತ್ತಾ ಕಲಿಯಲಿ ಎಂದು ಹೊಸಬರನ್ನು ನೇರ ಕೆಲಸಕ್ಕೆ ಇಳಿಸುತ್ತಿವೆ. ಆದರೆ ರಾಗ ಕುದುರಲು ಹಾಡುವವರಿಗೆ ಸಮಯ ಬೇಕು, ತಪ್ಪಲು ಅವಕಾಶ ಬೇಕು. ಆ ಸಮಯವನ್ನು ಕೊಡದೆ, ಕೊಟ್ಟಂತೆ ಲೆಕ್ಕದಲ್ಲಿ ತೋರಿಸುವವರೆಗೆ ಗಾದೆಯ ಉಳಿದರ್ಧವೇ ಹೊಸಬರ ಪಾಲಿಗೆ ಬರುತ್ತಿರುತ್ತದೆ.